ಮೊದಲ ಸ್ಥಾನದ ನಗರ ಮತ್ತು ನನ್ನ ತಮ್ಮನ ಅಂಗಿ

ಮಾನ್ಯ ಪೊಲೀಸ್ ಮುಖ್ಯಾಧಿಕಾರಿಗಳೇ,

ಸುರಕ್ಷಿತ ನಗರಗಳ ಪಟ್ಟಿಯಲ್ಲಿ ನಮ್ಮ ನಗರವನ್ನು ಮೊದಲ ಸ್ಥಾನಕ್ಕೆ ತಂದಿದ್ದೀರಿ, ಅಭಿನಂದನೆಗಳು. ಆ ಸಾಧನೆಗೆ ನಮ್ಮ ಮನೆಯ ಪಾಲೂ ಇದೆ. ನನ್ನ ತಮ್ಮನ ಕೊಲೆಯನ್ನು ನಿಮ್ಮ ಠಾಣೆಯವರು ‘ಮೆಟ್ಟಿಲಿನಿಂದ ಜಾರಿ ಬಿದ್ದು ಸಾವು’ ಎಂದು ಬರೆದುಕೊಂಡಿದ್ದಾರೆ. ಅವನು ಲಿಫ್ಟ್ ರಿಪೇರಿಯವನು. ಹನ್ನೆರಡು ವರ್ಷ ಹತ್ತನೇ ಮಹಡಿಯಲ್ಲಿ ನೇತಾಡಿಕೊಂಡು ಕೆಲಸ ಮಾಡಿ ಒಮ್ಮೆಯೂ ಬೀಳದವನು, ನನ್ನ ಹೊಲಿಗೆ ಅಂಗಡಿಯ ಮೂರೇ ಮೆಟ್ಟಿಲಿನಿಂದ ಬಿದ್ದು ಸತ್ತನೇ?

ನಡೆದದ್ದು ಇಷ್ಟು. ಸಂಜೆ ಐದು ಗಂಟೆಗೆ ಅಂಗಡಿಯ ಮುಂದೆ ಹೆಂಗಸೊಬ್ಬಳ ಕೈಚೀಲ ಕಿತ್ತು ಓಡುತ್ತಿದ್ದವನನ್ನು ತಮ್ಮ ಹಿಡಿದುಕೊಂಡ. ಕಳ್ಳ ಅವನಿಗೆ ಚಾಕು ಹಾಕಿ ಪರಾರಿಯಾದ. ಚೀಲ ಸಿಕ್ಕ ಹೆಂಗಸು ಹೆಸರೂ ಹೇಳದೆ ಹೋದಳು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ತಮ್ಮ ಕೇಳಿದ್ದು ಒಂದೇ: “ಅಣ್ಣ, ನೀಲಿ ಶರ್ಟು ಹಾಳಾಯ್ತೇನೋ? ಸರಿ ಮಾಡಿಡು, ಮನೆಗೆ ಅದನ್ನೇ ಹಾಕ್ಕೊಂಡು ಬರ್ತೀನಿ.” ಅಮ್ಮ ರಕ್ತ ತೊಳೆದುಕೊಟ್ಟಳು. ನಾನು ಅಂಗಿಯ ಒಳಮಡಿಕೆಯಿಂದಲೇ ದಾರ ಬಿಡಿಸಿ, ಎಳೆಗೆ ಎಳೆ ಕೂಡಿಸಿ ತೂತು ಮುಚ್ಚಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಹೊಲಿದದ್ದಿಲ್ಲ. ಮೂರನೆಯ ದಿನ ಅವನು ಹೋಗಿಬಿಟ್ಟ. ಅದನ್ನೇ ತೊಡಿಸಿ ಕಳಿಸೋಣ ಎಂದು ಅಮ್ಮ ಗೋಗರೆದಳು. ಸಾಕ್ಷಿಗೆ ಬೇಕಾದೀತೆಂದು ನಾನು ಕೊಡಲಿಲ್ಲ.

ಠಾಣೆಯಲ್ಲಿ ದೂರು ಬರೆಯುವವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ತೂತೇ ಇಲ್ವಲ್ಲಪ್ಪ, ಚಾಕು ಎಲ್ಲಿಂದ ಬಂತು?”

“ನಾನೇ ಹೊಲಿದೆ ಸಾರ್.”

“ಹಾಗಾದ್ರೆ ಸಾಕ್ಷಿ ನಾಶ ಮಾಡಿದ್ದು ನೀನೇ ಅಂತ ಬರ್ಕೊಳ್ಲಾ? ಮೇಲಕ್ಕೆ ಅಪರಾಧಗಳ ಪಟ್ಟಿ ಕಳಿಸೋ ಹೊತ್ತಲ್ಲಿ ತಲೆ ತಿನ್ಬೇಡ.”

ಚೂಪಾದ ವಸ್ತುವಿನ ಗಾಯವೆಂದು ವೈದ್ಯರು ಬರೆದ ಚೀಟಿ ತೋರಿಸಿದೆ. ಮೆಟ್ಟಿಲ ಪಕ್ಕದ ಕಂಬಿಯೂ ಚೂಪೇ ಅಂತೆ. ಒಪ್ಪಿದೆ, ತಪ್ಪು ನನ್ನದೇ, ದಡ್ಡತನವೂ ನನ್ನದೇ. ಆದರೆ ಸ್ವಾಮಿ, ನಾನು ಮುಚ್ಚಿದ್ದು ಒಂದು ಅಂಗಿಯ ತೂತು, ನನ್ನ ತಮ್ಮ ಮನೆಗೆ ಬರುತ್ತಾನೆಂಬ ಆಸೆಯಿಂದ. ನೀವು ಇಡೀ ನಗರವನ್ನೇ ಹೊಲಿದು ಕೂತಿದ್ದೀರಲ್ಲ, ಯಾರು ಮನೆಗೆ ಬರುತ್ತಾರೆಂದು? ಅವನು ಬಿದ್ದ ಜಾಗದ ಎದುರಿಗೇ ಈಗ ‘ನಿರ್ಭಯವಾಗಿ ಓಡಾಡಿ’ ಎಂಬ ಫಲಕ ನಿಲ್ಲಿಸಿದ್ದೀರಿ. ಅಮ್ಮ ಆ ರಸ್ತೆಗೆ ಬರುವುದನ್ನೇ ಬಿಟ್ಟಿದ್ದಾಳೆ.

ನಿನ್ನೆ ಕೂತು ಆ ಹೊಲಿಗೆಯನ್ನು ಎಳೆಎಳೆಯಾಗಿ ಬಿಚ್ಚಿದೆ. “ಅವನು ಕೇಳಿದ್ದು ಅದೊಂದನ್ನೇ ಅಲ್ವೇನೋ,” ಎಂದು ಅಮ್ಮ ಅತ್ತಳು. ಅಂಗಿಯನ್ನು ಈ ಪತ್ರದೊಂದಿಗೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ನಿಮ್ಮ ಪುಸ್ತಕದಲ್ಲಿ ‘ಕೊಲೆ’ ಎಂದು ಬರೆಯಿರಿ, ನಗರ ಎರಡನೆಯ ಸ್ಥಾನಕ್ಕೆ ಇಳಿದರೆ ಇಳಿಯಲಿ. ಬರೆಯುವುದಿಲ್ಲವೆಂದು ಗೊತ್ತು. ಅಂಗಿಯನ್ನಾದರೂ ವಾಪಸ್ ಕಳಿಸಿ. ಈ ಸಲ ನಾನು ಹೊಲಿಯುವುದಿಲ್ಲ.

ಇಂತಿ,
ನಿಮ್ಮ ಪಟ್ಟಿಯ ಪ್ರಕಾರ ಸುರಕ್ಷಿತನಾಗಿರುವ,
ಮೂರು ಮೆಟ್ಟಿಲಿನ ಅಂಗಡಿಯ ದರ್ಜಿ