ನೀಲಪ್ಪನ ಮೊಣಕೈ

ಮುಚ್ಚಳದ ವರ್ಷ ೨೧೪, ಎರಡನೆಯ ಫೆಬ್ರವರಿಯ ಮೂವತ್ತೊಂದು
ಕಪ್ಪತಗುಡ್ಡದ ಅಡಿಯೂರು

ನೂರು ವರ್ಷದ ನಂತರ ಗೌರವಪೆಟ್ಟಿಗೆ ತೆರೆಯುವವರಿಗೆ,

ನನ್ನ ಮಾತು ನಿಮಗೆ ಒರಟಾಗಿ, ಹಳತಾಗಿ ಕೇಳಿಸಿದರೆ ಕ್ಷಮಿಸಿ. ತಿದ್ದಿ ಬರೆಯುವ ತ್ರಾಣ ನನಗಿಲ್ಲ. ಮುಚ್ಚಳವೆಂದರೆ ಬಿಸಿಲು ತಡೆಯಲು ನಮ್ಮ ಊರಿಗೆ ಹೊದಿಸಿದ ಗಾಜಿನ ಸೂರು; ಅದನ್ನು ಹಾಕಿದಂದಿನಿಂದ ವರ್ಷ ಎಣಿಸುತ್ತೇವೆ. ತಿಂಗಳುಗಳನ್ನು ಯಾರೋ ಪುಣ್ಯಾತ್ಮರು ಕೆಡಿಸಿಟ್ಟಿದ್ದಾರೆ, ಆ ಕಥೆ ಬೇಡ.

ಬೇಸ್‌ಬಾಲ್ ಆಡುವಷ್ಟು ಬಯಲು ನಮ್ಮಲ್ಲಿಲ್ಲ. ಊರ ಚೌಕದಲ್ಲಿರುವ ಯಂತ್ರವೇ ಆ ಆಟವನ್ನು ತನ್ನೊಳಗೆ ಆಡುತ್ತದೆ. ಎಸೆತಕ್ಕೊಂದು ಸಾಲು ಚೌಕದ ಗೋಡೆಯ ಮೇಲೆ ಮೂಡುತ್ತದೆ. ಇದಕ್ಕೆ ಎಣಿಕೆಯಾಟ ಎನ್ನುತ್ತೇವೆ. ಆಟಗಾರರನ್ನು ನಾವೇ ಹುಟ್ಟಿಸಿ ಹೆಸರಿಡುತ್ತೇವೆ, ವರ್ಷಕ್ಕೊಮ್ಮೆ ಯಂತ್ರ ಅವರಿಗೂ ವಯಸ್ಸು ಏರಿಸುತ್ತದೆ. ನಾನು ಶಾಂಭವಿ, ಕೆಳಕೇರಿ ತಂಡದ ಯಜಮಾನಿ. ಚೆಂಡೆಸೆಯುವ ನೀಲಪ್ಪನನ್ನು ಹುಟ್ಟಿಸಿದಾಗ ನನಗೆ ನಲವತ್ತು. ಇಪ್ಪತ್ತೆರಡು ವರ್ಷ ನನ್ನ ಮಾತನ್ನು ಮರುಮಾತಿಲ್ಲದೆ ಕೇಳಿದವನು ಈ ಊರಲ್ಲಿ ಅವನೊಬ್ಬನೇ.

ನಮ್ಮ ಹಿರಿಯರು ಮಾಡಿಟ್ಟ ಕಟ್ಟಳೆ ಕೇಳಿ. ಫೈನಲ್ ಗೆದ್ದ ತಂಡಕ್ಕೆ ಮರ್ಯಾದೆಯೆಂದು ಅದನ್ನು ಯಂತ್ರದೊಳಗಿನ ಗೌರವಪೆಟ್ಟಿಗೆಯಲ್ಲಿಟ್ಟು ನೂರು ವರ್ಷ ಬೀಗ ಹಾಕುತ್ತಾರೆ. ಸೋತವರು ಮರುವರ್ಷ ಮತ್ತೆ ಆಡುತ್ತಾರೆ. ಎಂಥಾ ಮರ್ಯಾದೆಯೋ! ಅದಕ್ಕೇ ಆರು ಫೈನಲ್‌ಗಳನ್ನು ನಾನು ಬೇಕೆಂದೇ ಸೋತೆ. ಕೊನೆಯ ಗಳಿಗೆಯಲ್ಲಿ 'ಮೆತ್ತಗೆ' ಎಂಬ ಗುಂಡಿ ಒತ್ತಿದರೆ ಸಾಕು, ನೀಲಪ್ಪ ಮೆತ್ತಗೆ ಎಸೆಯುತ್ತಿದ್ದ. ಕೇರಿಯವರು ನನ್ನ ಹಣೆಬರಹವನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದರು.

ಮೊನ್ನೆ ಮಧ್ಯಾಹ್ನ ಏಳನೆಯ ಫೈನಲ್. ನಮ್ಮದು ನಾಲ್ಕು ರನ್, ಮೇಲ್ಕೇರಿಯದು ಮೂರು. ಅವರದು ಕೊನೆಯ ಸರದಿ. ಇನ್ನೊಬ್ಬ ಔಟಾದರೆ ನಾವು ಗೆದ್ದಂತೆ. ಆದರೆ ಅವರ ಇಬ್ಬರು ಓಡಲು ಕಾದು ನಿಂತಿದ್ದರು, ಒಂದು ಒಳ್ಳೆಯ ಹೊಡೆತ ಬಿದ್ದರೆ ಆಟ ಅವರದು. ನೂರರಿಂದ ಶುರುವಾಗಿದ್ದ ನೀಲಪ್ಪನ ಮೊಣಕೈ ಬಲ ನಾಲ್ಕಕ್ಕೆ ಇಳಿದಿತ್ತು. ನನ್ನ ಬೆರಳು ಹಳೆಯ ಚಾಳಿಯಂತೆ 'ಮೆತ್ತಗೆ'ಯ ಕಡೆ ಹೋಯಿತು.

ಗೋಡೆಯ ಸಾಲುಗಳನ್ನು ಕೇರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವವಳು ನನ್ನ ಗೆಳತಿ ಫಕೀರವ್ವ. ಅವಳು ಓದುವುದು ನಿಲ್ಲಿಸಿ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಆರು ಸಲ ನೋಡೇನಿ, ಶಾಂಭವಿ. ಯಾರ ಮುಂದನೂ ಬಾಯಿ ಬಿಟ್ಟಿಲ್ಲ. ಇನ್ನ ಬಿಟ್ಟುಬಿಡವಾ, ಪಾಪ, ಅವಂಗೂ ಸಾಕಾಗೇತಿ."

ನನಗೆ ಸಿಟ್ಟು ಬಂತು. ಆಮೇಲೆ ಅಳು ಬಂತು. 'ಜೋರಾಗಿ' ಒತ್ತಿದೆ. ಫಕೀರವ್ವ ಗೋಡೆಯತ್ತ ತಿರುಗಿ ಓದಿದಳು: ಬೀಸಿದ, ಮೂರನೆಯ ಸಲವೂ ತಾಗಲಿಲ್ಲ, ಔಟ್, ಆಟ ಮುಗಿಯಿತು. ಕೇರಿಯೆಲ್ಲ ಕುಣಿಯಿತು, ಯಾರೋ ನನ್ನ ಬಾಯಿಗೆ ಸಕ್ಕರೆ ತುರುಕಿದರು. ನಾನು ಗೋಡೆಯ ಮೇಲೆ ಅವನ ಹೆಸರು ಹುಡುಕುತ್ತಿದ್ದೆ. ನೀಲಪ್ಪ, ಮೊಣಕೈ ಒಂದು ಎಂದಿತ್ತು.

ನಾಳೆ ಬೀಗ ಬೀಳುತ್ತದೆ. ಯಂತ್ರ ಎಲ್ಲವನ್ನೂ ಇದ್ದಂತೆಯೇ ಇಡುತ್ತದೆ, ನೋವನ್ನೂ. ಪೆಟ್ಟಿಗೆ ತೆರೆದ ಕೂಡಲೇ ಉಮೇದಿನಲ್ಲಿ ಅವನನ್ನು ಆಟಕ್ಕೆ ಇಳಿಸುತ್ತೀರಿ, ನನಗೆ ಗೊತ್ತು. ದಯವಿಟ್ಟು ಹಾಗೆ ಮಾಡಬೇಡಿ. ಒಂದಷ್ಟು ದಿನ ಸುಮ್ಮನೆ ಕೂರಿಸಿ. ಎಸೆ ಎಂದರೆ ಅವನು ಎಸೆದೇ ಎಸೆಯುತ್ತಾನೆ. ಆಗುವುದಿಲ್ಲ ಎನ್ನುವುದನ್ನು ನಾನು ಅವನಿಗೆ ಕಲಿಸಲಿಲ್ಲ.

ಶಾಂಭವಿ