ಮೇಲಿನ ಬೀದಿಯ ಕೆಪಾಸಿಟರ್ ಕಳಚಿದವರಿಗೆ

ವಿದ್ಯುತ್ ವಿಭಾಗದ ಮುಖ್ಯ ಎಂಜಿನಿಯರರೇ,

ನಾನು ಕೇಳಿದ್ದು ನಮ್ಮ ಬೀದಿಗೂ ಕೊಡಿ ಎಂದು. ನೀವು ಮಾಡಿದ್ದು ನನ್ನ ತಂಗಿಯ ಬೀದಿಯಿಂದಲೂ ಕಿತ್ತುಕೊಂಡದ್ದು. ಅದಕ್ಕೆ ‘ತಾರತಮ್ಯ ನಿವಾರಣೆ’ ಎಂದು ಹೆಸರಿಟ್ಟು, ನನಗೂ ಒಂದು ಪ್ರತಿ ಕಳಿಸಿದ್ದೀರಿ. ಎಂಥ ಸಮಾನತೆ ಮಾನ್ಯರೇ!

ನಾವಿಬ್ಬರೂ ಕಸೂತಿ ಯಂತ್ರ ಇಟ್ಟುಕೊಂಡವರು. ಒಂದೇ ದಿನ ತಂದ, ಒಂದೇ ಬಗೆಯ ಯಂತ್ರಗಳು. ಎರಡು ಬೀದಿಗೂ ಬೇರೆ ಬೇರೆ ಸೌರ ಘಟಕ. ನಮ್ಮ ಕೆಳಗಿನ ಬೀದಿಯದಕ್ಕೆ ಬರೀ ಬ್ಯಾಟರಿ. ತಂಗಿಯ ಮೇಲಿನ ಬೀದಿಯದಕ್ಕೆ ಬ್ಯಾಟರಿಯ ಜೊತೆ ಕೆಪಾಸಿಟರುಗಳ ಸಾಲು. ಸೂರ್ಯನಿಗೆ ಒಂದು ತುಂಡು ಮೋಡ ಅಡ್ಡ ಬಂದರೆ ಸಾಕು, ನನ್ನ ಯಂತ್ರ ಗಕ್ಕನೆ ನಿಲ್ಲುತ್ತದೆ. ಮತ್ತೆ ಹೊರಟಾಗ ಸೂಜಿ ಜಾಗ ಮರೆತಿರುತ್ತದೆ. ಹೊಲಿಯುತ್ತಿದ್ದ ಹಂಸದ ಕತ್ತು ಬಾಲದ ಮೇಲೆ ಬೀಳುತ್ತದೆ. ಅದೇ ಮೋಡಕ್ಕೆ ತಂಗಿಯ ಯಂತ್ರ ಕಮಕ್ ಕಿಮಕ್ ಎನ್ನುವುದಿಲ್ಲ. ಹೊಟ್ಟೆ ಉರಿಯಬಾರದೇ?

“ಅಕ್ಕಾ, ಬಟ್ಟೆ ತಗೊಂಡು ಬಾರೇ, ನನ್ನ ಮಿಷನ್ನಲ್ಲೇ ಹಾಕು” ಎಂದಳು.

“ನಿನ್ನ ಉಪಕಾರ ನಂಗೇನೂ ಬೇಡ ಕಣೇ” ಎಂದೆ.

ಅಷ್ಟಕ್ಕೇ ಬಿಡದೆ ಮೇಲಿನ ಬೀದಿಯ ಘಟಕಕ್ಕೇ ಹೋಗಿ ಆಪರೇಟರನ್ನು ಹಿಡಿದೆ.

“ಬ್ಯಾಟರಿ ನಿಧಾನದ ಆಳು ಕಣಮ್ಮ. ತುಂಬ ಹೊತ್ತು ಹೊರುತ್ತೆ, ಆದ್ರೆ ಎದ್ದು ಬರೋಕೆ ಸಮಯ ಬೇಕು. ಕೆಪಾಸಿಟರ್ ಕರೆದ ತಕ್ಷಣ ಓಡಿ ಬರುತ್ತೆ, ಬೇಗ ಸುಸ್ತಾಗುತ್ತೆ. ಎರಡೂ ಸೇರಿದ್ರೆ ಮೋಡ ಬಂದಿದ್ದೇ ಗೊತ್ತಾಗಲ್ಲ. ಇಲ್ಲಿರೋದು ಎರಡು ಬೀದಿಗೂ ಸಾಕು. ಎರಡೂ ಘಟಕಾನ ಒಂದೇ ಕಂಟ್ರೋಲ್‌ಗೆ ತರಬೇಕು ಅಷ್ಟೇ. ಸಾಹೇಬ್ರು ಆರ್ಡರ್ ಹಾಕ್ಬೇಕು” ಎಂದರು.

ಇಷ್ಟನ್ನೇ ನಿಮಗೆ ಬರೆದಿದ್ದರೆ ನಾನು ಒಳ್ಳೆಯವಳು. ಬರೆಯುವುದನ್ನೇನೋ ಬರೆದೆ, ಆದರೆ ‘ಮೇಲಿನ ಬೀದಿಯವರಿಗೆ ಮಾತ್ರ ಯಾಕೆ ಈ ಭಾಗ್ಯ?’ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ನಮ್ಮ ಬೀದಿಯ ಕಂಬ ವಾಲಿದೆಯೆಂಬ ಅರ್ಜಿಯನ್ನು ಆರು ವರ್ಷದಿಂದ ಓದದ ಕಚೇರಿ, ಇದನ್ನು ಒಂದೇ ವಾರದಲ್ಲಿ ಓದಿ, ಗೆರೆ ಎಳೆದ ಸಾಲಿಗೆ ಮಾತ್ರ ಪರಿಹಾರ ಕೊಟ್ಟಿತು. ಹೊಟ್ಟೆಕಿಚ್ಚಿನ ಭಾಷೆ ನಿಮಗೆ ಅಷ್ಟು ಬೇಗ ಅರ್ಥವಾಗುತ್ತದೆಯೇ?

ಕೆಪಾಸಿಟರ್ ಕಳಚಿದ ಮರುದಿನ ತಂಗಿ ಬಂದಳು. ಕೈಯಲ್ಲಿ ಅವಳ ಮೊದಲ ಮೊಮ್ಮಗಳ ಹೊದಿಕೆ. ಹೆಸರಿನ ಅಕ್ಷರಗಳು ಒಂದರ ಮೇಲೊಂದು ಬಿದ್ದು ಗಂಟಾಗಿದ್ದವು. ನನಗೆ ಮೊದಲು ಆದದ್ದು, ಮುಚ್ಚಿಟ್ಟು ಏನು ಮಾಡಲಿ, ಸಂತೋಷ.

“ಇಷ್ಟು ದಿನ ನೀನು ಇದನ್ನೇ ಅನುಭವಿಸ್ತಿದ್ಯಾ ಅಕ್ಕಾ?” ಎಂದಳು. “ನಂಗೆ ಗೊತ್ತೇ ಆಗ್ಲಿಲ್ವಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಹೋಗಿ ಅರ್ಜಿಯ ಪ್ರತಿ ತಂದು ಕೊಟ್ಟೆ. ನಿಂತೇ ಓದಿದಳು. ಹೊದಿಕೆ ಮಡಚಿಕೊಂಡು ಹೊರಟುಹೋದಳು. ಇಂದಿಗೆ ಒಂಬತ್ತು ದಿನ, ಈ ಕಡೆ ತಲೆ ಹಾಕಿಲ್ಲ.

ಆದ್ದರಿಂದ ನನ್ನ ಅರ್ಜಿಯನ್ನು ಹಿಂತೆಗೆದುಕೊಂಡಿದ್ದೇನೆ. ಎರಡೂ ಘಟಕಗಳನ್ನು ಒಂದೇ ನಿಯಂತ್ರಣಕ್ಕೆ ತರುವ ಆದೇಶಕ್ಕೆ ಸಹಿ ಹಾಕಿ. ಅದು ತಡವಾಗುವುದಾದರೆ, ಕಳಚಿದ್ದನ್ನು ಮೊದಲು ಅವಳ ಬೀದಿಗೆ ಜೋಡಿಸಿ. ಹೀಗೆ ಬರೆಯುವಾಗಲೂ ಒಳಗೆ ಚುರ್ ಎನ್ನುತ್ತಿದೆ. ಎನ್ನಲಿ. ಮೊದಲು ಅವಳದು.

ಇಂತಿ,
ನಿಮ್ಮಿಂದ ಜೀವನದಲ್ಲಿ ಮೊದಲ ಬಾರಿ ತ್ವರಿತ ನ್ಯಾಯ ಪಡೆದ
ಕೆಳಗಿನ ಬೀದಿಯ ಅಕ್ಕ