ಮೂಲೆಗೆ ಮಾಡಿದ ಮೇಜು

ನ್ಯಾಮತಿ
೧೨-೨-೧೯೮೪

ಪ್ರೀತಿಯ ಅಕ್ಕ ಹನುಮಂತಮ್ಮನಿಗೆ,

ನಿನ್ನ ತಮ್ಮ ತಿಪ್ಪೇಶಿಯ ನಮಸ್ಕಾರಗಳು. ಎಲ್ಲರೂ ಕ್ಷೇಮವೆಂದು ಬರೆದು ಕಾಗದ ಶುರುಮಾಡುವ ಅಭ್ಯಾಸ ನನ್ನದು. ಇವತ್ತು ಅಷ್ಟು ಸುಲಭವಾಗಿ ಬರೆಯಲಾರೆ. ಸಾವಂತ್ರಿ ಬದುಕಿದ್ದಾಳೆ, ನಡೆದಾಡುತ್ತಿದ್ದಾಳೆ, ಹೊಟ್ಟೆಯೊಳಗಿನ ಕೂಸೂ ಚೆನ್ನಾಗಿದೆ ಎಂದು ಹೊನ್ನಾಳಿಯ ಡಾಕ್ಟರಮ್ಮ ಹೇಳಿದ್ದಾರೆ. ಇದನ್ನು ಮೊದಲು ಓದಿಕೋ. ಆಮೇಲೆ ಉಳಿದದ್ದು.

ನಾನು ನಮ್ಮ ತಂಗಿಯನ್ನು ಗಂಡನ ಮನೆಯಿಂದ ಕದ್ದುಕೊಂಡು ಬಂದೆನೆಂದು ನಿನ್ನ ಕಿವಿಗೆ ಬಿದ್ದಿರುತ್ತದೆ. ಅವಳಿಗೆ ತಲೆ ಸರಿಯಿಲ್ಲವೆಂದೂ ಬಿದ್ದಿರಬಹುದು. ನಾಗೇಂದ್ರಪ್ಪ ಜಗಳೂರಿನಿಂದ ಎಲ್ಲ ನೆಂಟರಿಗೂ ಕಾರ್ಡು ಬರೆದಿದ್ದಾನೆ. ಅವನ ಅಕ್ಷರ ದುಂಡಗೆ, ಕಚೇರಿಯ ಗುಮಾಸ್ತನ ಅಕ್ಷರ, ಓದಿದವರು ನಂಬುತ್ತಾರೆ. ನಾನೂ ಆ ಅಕ್ಷರವನ್ನು ನಂಬಿಯೇ ಕೆಟ್ಟೆ.

ಎರಡು ವರ್ಷದ ಹಿಂದೆ ಅವನು ನನಗೊಂದು ಕಾಗದ ಬರೆದ. ಬಾಡಿಗೆಯ ಒಂಟಿ ಕೋಣೆ, ಹತ್ತಡಿಗೆ ಎಂಟಡಿ. ಸಾವಂತ್ರಿಗೆ ಹೊಲಿಗೆ ಕೆಲಸ ಚೆನ್ನಾಗಿ ಬರುತ್ತಿದೆ, ಆದರೆ ಬಟ್ಟೆ ಹರಡಿದರೆ ಕಾಲಿಡಲು ಜಾಗವಿಲ್ಲ. ನೀವು ಸ್ಕೂಲಿನಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು, ಇದಕ್ಕೊಂದು ಉಪಾಯ ಮಾಡಿಕೊಡಿ ಎಂದಿದ್ದ. ಓದಿ ನನಗೆ ಸಂತೋಷವಾಯಿತು. ಮಕ್ಕಳಿಗೆ ಮಣೆ, ಸ್ಟೂಲು ಮಾಡಿಸಿ ಮಾಡಿಸಿ ಬೇಸತ್ತಿದ್ದೆ. ನನ್ನ ತಲೆಗೆ ಕೆಲಸ ಕೊಟ್ಟವನು ಅವನೊಬ್ಬನೇ.

ಒಂದು ತಿಂಗಳು ನಕ್ಷೆ ಬರೆದೆ. ಗೋಡೆಗೆ ಹೊಂದಿಕೊಂಡು ಒಂದು ತೇಗದ ಕಂಬ. ಅದರ ತಲೆಗೆ ಲಾರಿಯ ಹಳೇ ಬೇರಿಂಗು, ಬೇರಿಂಗಿನ ಮೇಲೆ ಹಲಗೆ. ಹಲಗೆಯ ಒಂದು ಬದಿಯಲ್ಲಿ ಅವಳ ಕೈ ಮಿಷನ್ನು. ಬೆರಳಲ್ಲಿ ತಳ್ಳಿದರೆ ಸಾಕು, ಹಲಗೆ ತಿರುಗಿ ಮಿಷನ್ನು ಪಕ್ಕಕ್ಕೆ ಹೋಗುತ್ತದೆ, ಬಟ್ಟೆ ಕತ್ತರಿಸುವ ಜಾಗ ಮುಂದೆ ಬರುತ್ತದೆ. ಅದರಡಿಯಿಂದ ಇನ್ನೊಂದು ಹಲಗೆ ಎಳೆದುಕೊಂಡರೆ ನಾಲ್ಕಡಿ ಉದ್ದವಾಗುತ್ತದೆ. ಕೆಲಸ ಮುಗಿದ ಮೇಲೆ ಒಳಕ್ಕೆ ತಳ್ಳಿ ತಿರುಗಿಸಿಬಿಟ್ಟರೆ ಗೋಡೆಗಂಟಿದ ಒಂದೂವರೆ ಅಡಿಯ ಕಪಾಟು. ಕತ್ತರಿಸುವಾಗ ಅಲುಗಾಡಬಾರದೆಂದು ಕೂತವರ ಬಲಗೈಗೆ ಸಿಗುವಂತೆ ಒಂದು ಚಿಲಕ ಇಟ್ಟಿದ್ದೆ.

ನಕ್ಷೆ ಕಳಿಸಿದೆ. ಅವನು ಹೊಗಳಿ ಉತ್ತರ ಬರೆದ. ಕೊನೆಯಲ್ಲಿ, ಚಿಲಕ ಒಳಗಿದ್ದರೆ ಬಟ್ಟೆ ಸಿಕ್ಕಿಕೊಂಡು ಹರಿಯುತ್ತದೆ, ಹೊರಬದಿಗೆ ಹಾಕಿ ಎಂದ. ಸರಿ ಅನ್ನಿಸಿತು, ಹಾಕಿದೆ. ಮತ್ತೊಂದು ಕಾಗದ ಬಂತು. ಕಿಟಕಿ ಬೀದಿಗಿದೆ, ಕೂತವಳ ಕಾಲು ಹೋಗಿಬರುವವರಿಗೆ ಕಾಣುತ್ತದೆ, ಮುಂದೆ ನೆಲದವರೆಗೂ ಹಲಗೆ ಬರಲಿ ಎಂದ. ಅದೂ ಸರಿ ಅನ್ನಿಸಿತು. ಮೂರನೆಯದರಲ್ಲಿ ಮೇಜನ್ನು ಬಾಗಿಲ ಹತ್ತಿರ ಬೇಡ, ಒಳಮೂಲೆಗೆ ಕೂಡಿಸಿ ಎಂದ. ಆ ಮೂಲೆಯಲ್ಲಿ ಬೆನ್ನಿಗೆ ಗೋಡೆ, ಎಡಕ್ಕೆ ಗೋಡೆ, ಬಲಕ್ಕೆ ಸಾಮಾನಿಡಲು ಕಟ್ಟಿದ ಎದೆಯೆತ್ತರದ ಇಟ್ಟಿಗೆಯ ಗೂಡು. ಒಂದೊಂದು ಬದಲಾವಣೆಯೂ ನನಗೆ ಒಂದೊಂದು ಲೆಕ್ಕದ ಹಾಗಿತ್ತು. ಬಿಡಿಸಿದಾಗ ಖುಷಿಯಾಗುತ್ತಿತ್ತು. ಮೂರನ್ನೂ ಕೂಡಿಸಿದರೆ ಏನಾಗುತ್ತದೆಂದು ನಾನು ನೋಡಲೇ ಇಲ್ಲ.

ಕೂಡಿಸಲು ಹೋದ ದಿನ ಸಾವಂತ್ರಿ ಸ್ಟೂಲಿನ ಮೇಲೆ ಕೂತಳು. ನಾಗೇಂದ್ರಪ್ಪ ಹಲಗೆ ಎಳೆದ, ಚಿಲಕ ಹಾಕಿದ. ಸದ್ದೇ ಇಲ್ಲದೆ ಕೂತಿತು. ಅವಳು ನನ್ನ ಮುಖ ನೋಡಿ, “ಅಣ್ಣ, ಇದನ್ನ ಒಳಗಿಂದ ತೆಗೆಯಾಕೆ ಬರತೈತಾ?” ಅಂದಳು. ನಾನು ನಕ್ಕೆ, ಅಕ್ಕ. “ನಿನ್ನ ಗಂಡ ಇರ್ತಾನಲ್ಲವ್ವ, ತೆಗೀತಾನೆ,” ಅಂದೆ. ಅವನೂ ನಕ್ಕ. ಅವಳೊಬ್ಬಳು ನಗಲಿಲ್ಲ. ಅದೇ ವರ್ಷ ವಸ್ತುಪ್ರದರ್ಶನಕ್ಕೆ ಅಂಥದ್ದೇ ಇನ್ನೊಂದು ಮೇಜು ಮಾಡಿ ಬಹುಮಾನ ತೆಗೆದುಕೊಂಡೆ. ಹಾರ ಹಾಕಿಸಿಕೊಂಡ ನನ್ನ ಫೋಟೋ ನಿನಗೂ ಕಳಿಸಿದ್ದೆ.

ಆಮೇಲೆ ಅವಳ ಕಾಗದಗಳು ಕಡಿಮೆಯಾದವು. ಬಂದರೂ ಎರಡೇ ಸಾಲು. ಬಸುರಿ ಎಂದು ತಿಳಿದದ್ದು ಕೂಡ ಅವನ ಅಕ್ಷರದಲ್ಲಿ. ದೀಪಾವಳಿಗೆ ಕಳಿಸು ಎಂದೆ, ಕೆಲಸ ಜಾಸ್ತಿ ಎಂದ.

ಕಳೆದ ತಿಂಗಳು ಇಲಾಖೆಯ ಕೆಲಸದ ಮೇಲೆ ಜಗಳೂರಿಗೆ ಹೋಗಬೇಕಾಯಿತು. ಹೇಳದೆ ಅವರ ಮನೆಗೆ ಹೋದೆ. ಬೆಳಿಗ್ಗೆ ಹನ್ನೊಂದು. ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಮಿಷನ್ನಿನ ಸದ್ದು. ಪಕ್ಕದ ಕೋಣೆಯ ಜಗಲಿಯಲ್ಲಿ ಅವನ ಚಿಕ್ಕಪ್ಪ ಮೂಕಪ್ಪ ಕಣ್ಣು ಮುಚ್ಚಿ ಕೂತಿದ್ದ. ನಾನು ಕಿಟಕಿಗೆ ಹೋಗಿ ಮೆಲ್ಲಗೆ ಹೆಸರು ಹಿಡಿದು ಕರೆದೆ.

ಅವಳು ಆ ಮೂಲೆಯಲ್ಲಿದ್ದಳು. ಹಲಗೆ ಪೂರ್ತಿ ಹೊರಗೆ. ಚಿಲಕಕ್ಕೆ ಒಂದು ಸಣ್ಣ ಬೀಗ ನೇತಾಡುತ್ತಿತ್ತು. ಅದು ನಾನು ಹಾಕಿದ್ದಲ್ಲ. ಹಲಗೆಯ ಮೇಲೆ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಎರಡು ರೊಟ್ಟಿ. ಸ್ಟೂಲಿನ ಪಕ್ಕ ಒಂದು ಬಕೆಟ್ಟು. ಬಕೆಟ್ಟು ಯಾತಕ್ಕೆಂದು ನಿನಗೆ ಬಿಡಿಸಿ ಬರೆಯಬೇಕಿಲ್ಲ. ಮೇಲೆ ಹತ್ತಿ ದಾಟಬಹುದಿತ್ತಲ್ಲ ಎಂದು ನೀನು ಕೇಳಬಹುದು. ಮೊದಮೊದಲು ದಾಟಿದ್ದಳಂತೆ. ಈಗ ಏಳು ತಿಂಗಳು.

ನನ್ನನ್ನು ನೋಡಿದರೂ ಅವಳು ಮಿಷನ್ನು ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ಅಣ್ಣ, ಸದ್ದು ನಿಂತ್ರೆ ಮೂಕಪ್ಪ ಮಾವ ಅವರಿಗೆ ಹೇಳ್ತಾರೆ. ಊಟದಾಗೆ ಮಾತ್ರ ನಿಲ್ಲಿಸಬೇಕು. ನೀನು ಹೋಗು. ಐದೂವರೆಗೆ ಅವರು ಬರ್ತಾರೆ,” ಅಂದಳು. ಬಟ್ಟೆಯೇ ಇರಲಿಲ್ಲ, ಅಕ್ಕ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಬರಿದೇ ತಿರುಗಿಸುತ್ತಿದ್ದಳು.

ನಾನು ಬೀಗ ಒಡೆಯಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕೂತೆ. ಐದೂವರೆಗೆ, ಆಗ ತಾನೇ ಊರಿಗೆ ಬಂದವನ ಹಾಗೆ ಅವರ ಮನೆಗೆ ಹೋದೆ. ನಾಗೇಂದ್ರಪ್ಪ ಮುಗುಳ್ನಗುತ್ತಾ ಬರಮಾಡಿಕೊಂಡ. ಮೇಜು ಆಗಲೇ ಗೋಡೆಗಂಟಿಕೊಂಡಿತ್ತು, ಬಕೆಟ್ಟು ಕಾಣಲಿಲ್ಲ. ಸಾವಂತ್ರಿ ಗೋಡೆ ಹಿಡಿದು ಹಿಡಿದು ಟೀ ತಂದಳು, ಪಾದ ಎರಡೂ ಊದಿದ್ದವು. “ನೋಡ್ರಿ, ನಿಮ್ಮ ಮೇಜು ಇನ್ನೂ ಹೆಂಗೆ ತಿರುಗ್ತೈತೆ. ಒಂದು ಚೂರೂ ಸಡಿಲ ಆಗಿಲ್ಲ,” ಎಂದು ಅವನು ಹಲಗೆ ತಿರುಗಿಸಿ ತೋರಿಸಿದ. ನಾನು ಟೀ ಕುಡಿದೆ. ಬೇರಿಂಗಿಗೆ ಆಗಾಗ ಎಣ್ಣೆ ಹಾಕಿ ಎಂದೆ. ಬಾಯಲ್ಲಿ ಆ ಮಾತು ಹೇಗೆ ಬಂತೋ ನನಗೆ ಇವತ್ತಿಗೂ ತಿಳಿಯದು. ಹೆದರಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಅವನು ಏರಿದ ದನಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ, ಅದಕ್ಕೇ ಹೆದರಿದ್ದೆ.

ಮರುದಿನ ಅವನು ಕಚೇರಿಗೆ ಹೋದ ಮೇಲೆ ಮನೆಯ ಒಡತಿ ಅಂತರಘಟ್ಟಮ್ಮನ ಹತ್ತಿರ ಹೋದೆ. ಹಿಂದಿನ ಬೀದಿಯಲ್ಲಿ ಅವರ ಮನೆ. ನಾನು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರು. “ಬೀಗ ಯಾವಾಗಲೂ ಬಿದ್ದಿರ್ತಿತ್ತು, ಆದರೂ ಒಳಗೆ ಮಿಷನ್ ಸದ್ದು. ಕೇಳಬೇಕು ಅಂತ ದಿನಾ ಅಂದುಕೊಳ್ತಿದ್ದೆ,” ಎಂದು ಸೆರಗಲ್ಲಿ ಮುಖ ಒರೆಸಿಕೊಂಡು, ಹಿತ್ತಿಲ ಬಾಗಿಲಿನ ಕೀಲಿ ತೆಗೆದುಕೊಂಡು ನನ್ನ ಜೊತೆ ಹೊರಟರು.

ಒಳಗೆ ಹೋದಾಗ ಸಾವಂತ್ರಿ ತುಟಿಯ ಮೇಲೆ ಬೆರಳಿಟ್ಟಳು. ಇನ್ನೊಂದು ಕೈ ಮಿಷನ್ನಿನ ಹಿಡಿಯ ಮೇಲೇ ಇತ್ತು. ನಾನು ಮೊಣಕಾಲೂರಿ ಮುಂದಿನ ಹಲಗೆಯ ಸ್ಕ್ರೂಗಳನ್ನು ಬಿಚ್ಚತೊಡಗಿದೆ. ಎಂಟು ಸ್ಕ್ರೂ. ಎಂದೂ ಸಡಿಲವಾಗದಿರಲೆಂದು ಮರದ ಅಂಟು ಸವರಿ ಬಿಗಿದಿದ್ದವನು ನಾನೇ. ಆರನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಂಗೈ ಕಿತ್ತು ರಕ್ತ ಬಂತು. ಗೋಡೆಯಾಚೆ ಮೂಕಪ್ಪ ಕೆಮ್ಮಿದ. ಸಾವಂತ್ರಿ ಇನ್ನಷ್ಟು ಜೋರಾಗಿ ತಿರುಗಿಸಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಹಣೆಯಿಂದ ಬೆವರು ಸುರಿಯುತ್ತಿತ್ತು.

ಹಲಗೆ ಬಿಚ್ಚಿಕೊಂಡಿತು. ಅವಳು ಏಳಬೇಕಾದರೆ ಹಿಡಿ ಬಿಡಬೇಕಲ್ಲ. ಆಗ ಅಂತರಘಟ್ಟಮ್ಮ ಬಗ್ಗಿ ಒಳಗೆ ತೂರಿ, ಅವಳ ಕೈಯ ಮೇಲೆ ತಮ್ಮ ಕೈಯಿಟ್ಟರು. ಒಂದು ಸುತ್ತು ಇಬ್ಬರೂ ತಿರುಗಿಸಿದರು. ಆಮೇಲೆ ಸಾವಂತ್ರಿ ಕೈ ತೆಗೆದಳು. “ನೀವು ಹೋಗ್ರಿ. ಬಸ್ಸು ಹೋಗೋವರೆಗೂ ನಾನು ತಿರುಗಿಸ್ತಿರ್ತೀನಿ,” ಎಂದು ಅವರು ಪಿಸುಗುಟ್ಟಿದರು. ದಾವಣಗೆರೆ ಬಸ್ಸು ಹೊರಡುವವರೆಗೆ ಮುಕ್ಕಾಲು ಗಂಟೆ ಆ ಮುದುಕಿ ಅಲ್ಲೇ ಕೂತಿದ್ದರಂತೆ.

ಮೊನ್ನೆ ಗುರುವಾರ ನಾಗೇಂದ್ರಪ್ಪ ನಮ್ಮ ಸ್ಕೂಲಿಗೆ ಬಂದ. ಮಕ್ಕಳ ಎದುರು ನನಗೆ ಕೈ ಮುಗಿದ. ಹೆಂಡತಿ ಹೇಗಿದ್ದಾಳೆಂದು ಕೇಳಲಿಲ್ಲ. “ಮೇಷ್ಟ್ರೇ, ಮೇಜು ಬಿಚ್ಚಿಟ್ಟು ಬಂದೀರಿ. ಒಂದಿನ ಬಂದು ಕೂಡಿಸಿಕೊಡ್ರಿ. ಮೇಜು ಸರಿಯಾದ್ರೆ ಅವಳೂ ಬರ್ತಾಳೆ,” ಅಂದ. ನಾನು ಕೈಯಲ್ಲಿದ್ದ ಉಳಿ ಕೆಳಗಿಟ್ಟು ಅಂದೆ, “ಅದನ್ನ ಕೂಡಿಸಾಕೆ ನಾನು ಬರಲ್ಲ. ಅವಳೂ ಬರಲ್ಲ. ಠಾಣೆಗೆ ಬರೆದು ಕೊಟ್ಟೀನಿ. ಡಾಕ್ಟರಮ್ಮನ ಚೀಟಿಯೂ ಅದರ ಜೊತೆ ಐತೆ.” ಅವನು ತಲೆಯಾಡಿಸಿ, ನನ್ನ ಕೆಲಸದ ಬೆಂಚನ್ನೊಮ್ಮೆ ಸವರಿ ನೋಡಿ ಹೊರಟುಹೋದ.

ಸಾವಂತ್ರಿ ದಿನವೂ ಸಂಜೆ ನಡೆಯುತ್ತಾಳೆ. ಯಾರು ಕರೆದರೂ ಕೂರುವುದಿಲ್ಲ. ನಿಂತೇ ಉಣ್ಣುತ್ತಾಳೆ. ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ. “ನೀನು ಬಿಚ್ಚಿದಿಯಲ್ಲ ಅಣ್ಣ,” ಅಂದಳು. ಇಲ್ಲ ಅನ್ನಲಿಲ್ಲ ಅವಳು. ಬಹುಮಾನದ ಮೇಜನ್ನು ಕೊಯ್ದು ಸ್ಕೂಲಿನ ಮಕ್ಕಳಿಗೆ ಮಣೆ ಮಾಡಲು ಕೊಟ್ಟೆ. ಅವಳು ಎಲ್ಲಿದ್ದಾಳೆಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ತಮ್ಮ,
ತಿಪ್ಪೇಶಿ

ತಾ.ಕ.: ಈ ಕಾಗದವನ್ನು ಚನ್ನಗಿರಿಯ ಮನೆಗೆ ಹಾಕದೆ, ನೀನು ಕೆಲಸ ಮಾಡುವ ಕತ್ತಲಗೆರೆಯ ಬಾಲವಾಡಿಗೆ ಹಾಕಿದ್ದೇನೆ. ಕಾರಣವಿದೆ. ನಿನ್ನೆ ನಿನ್ನ ಯಜಮಾನರ, ಓಬಣ್ಣ ಭಾವನ ಕಾಗದ ಬಂತು. ಸಾವಂತ್ರಿಯ ಬಗ್ಗೆ ಒಂದು ಸಾಲೂ ಇಲ್ಲ. ಯುಗಾದಿಯಿಂದ ನೀನು ಬಾಲವಾಡಿ ಬಿಡುತ್ತೀಯಂತೆ, ಹಿಂದಿನ ಕೋಣೆಯಲ್ಲಿ ಹೊಲಿಗೆ ಹಾಕಿಕೊಡುತ್ತಾರಂತೆ, ಅದಕ್ಕೊಂದು ಮೇಜು ಬೇಕಂತೆ. ಕೋಣೆಯ ಅಳತೆ ಬರೆದಿದ್ದಾರೆ. ಅದರ ಕೆಳಗೆ ನಿನ್ನ ಅಳತೆಯೂ ಇದೆ: ಕೂತಾಗ ನೆಲದಿಂದ ಭುಜದವರೆಗೆ ಎಷ್ಟು, ಕೈ ಚಾಚಿದರೆ ಬೆರಳ ತುದಿ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು, ಅಂಗುಲದ ಲೆಕ್ಕದಲ್ಲಿ. ಅಕ್ಕ, ಅವರು ನಿನ್ನನ್ನು ಯಾವಾಗ ಅಳೆದರು? ಗೊತ್ತಿಲ್ಲದಿದ್ದರೆ ಇವತ್ತು ಬಾಲವಾಡಿಯಿಂದ ಮನೆಗೆ ಹೋಗಬೇಡ. ಸೀದಾ ಹೊನ್ನಾಳಿ ಬಸ್ಸು ಹತ್ತು. ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ನೀನು ಬರುವವರೆಗೆ ದಿನಾ ಇರುತ್ತೇನೆ.